ಬೂದಿದಿಬ್ಬದ ನೆಲ ಸಾರಿಸಿದ ಹುಲುಗಮ್ಮ

ಹುಲುಗಮ್ಮನ ನೆತ್ತಿಯ ಕೂದಲು ತೆಳುವಾದದ್ದು ವಯಸ್ಸಿನಿಂದಲ್ಲ, ಪುಟ್ಟಿಯಿಂದ. ಮೂವತ್ತು ವರ್ಷ ಆ ಜಾಗದಲ್ಲಿ ಬಟ್ಟೆ ಸುತ್ತಿದ ಸಿಂಬೆ ಕೂತಿದೆ, ಸಿಂಬೆಯ ಮೇಲೆ ಕಬ್ಬಿಣದ ಪುಟ್ಟಿ ಕೂತಿದೆ, ಪುಟ್ಟಿಯಲ್ಲಿ ಒಮ್ಮೆ ಮಣ್ಣು, ಒಮ್ಮೆ ಜಲ್ಲಿ, ಒಮ್ಮೆ ಕಲಸಿದ ಸಿಮೆಂಟು. ಕೂಡ್ಲಿಗಿಯ ಹಾಸ್ಟೆಲು, ಕೊಟ್ಟೂರಿನ ಅಂಗಡಿ ಸಾಲು, ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪ, ಹರಪನಹಳ್ಳಿ ದಾರಿಯ ಎರಡು ಸೇತುವೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಬೆರಳು ಮಾಡಿ, "ಅದು ನಂದು, ಅಕಾ ಅದೂ ನಂದು" ಎನ್ನುತ್ತಾಳೆ. ಪಕ್ಕದಲ್ಲಿ ಕೂತ ಅಪರಿಚಿತರು ಒಮ್ಮೆ ಆಕೆಯ ಮುಖವನ್ನೂ ಒಮ್ಮೆ ಹರಿದ ಸೆರಗನ್ನೂ ನೋಡಿ ಸ್ವಲ್ಪ ಸರಿದು ಜಾಗ ಬಿಡುತ್ತಾರೆ.

ಅಷ್ಟೆಲ್ಲ ಕಟ್ಟಡಗಳಲ್ಲಿ ಆಕೆಗೆ ಸಿಗದೆ ಉಳಿದದ್ದು ಒಂದೇ, ಕರಣಿ. ಅದು ಗೋಡೆ ಕಟ್ಟುವ ಗೌಂಡಿಯ ಕೈಯ ಸೊತ್ತು. ಒಂದು ಸಲ, ಕೊಟ್ಟೂರಿನ ಕೆಲಸದಲ್ಲಿ, ಗೌಂಡಿ ಬೀಡಿ ಹಚ್ಚಲು ಹೋದಾಗ ಆಕೆ ಕರಣಿ ಎತ್ತಿಕೊಂಡು ಗೋಡೆಗೆ ಒಂದು ಮೊಳ ಪ್ಲಾಸ್ಟರ್ ಎಳೆದಿದ್ದಳು. ಗಾಳಿಯಿಲ್ಲದ ಹೊತ್ತಿನ ಕೆರೆಯ ನೀರಿನಷ್ಟು ನುಣುಪಾಗಿ ಬಂದಿತ್ತು. ಗೌಂಡಿ ಬಂದು ನೋಡಿದ. ನೋಡಿ, "ರೊಟ್ಟಿ ಬಡಿಯೋ ಕೈಯಿ ಇದಕ್ಕ ಆಗಂಗಿಲ್ಲ ಬಿಡಬೇ" ಎಂದು ಅದನ್ನೆಲ್ಲ ಕೆರೆದು ಹಾಕಿ ತಾನು ಮತ್ತೆ ಬಳಿದ. ಅವನು ಬಳಿದದ್ದು ಅಷ್ಟು ನುಣುಪಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆ ಕೈ ಪಳಗಿದ್ದು ಗೋಡೆಯ ಮೇಲಲ್ಲ, ನೆಲದ ಮೇಲೆ. ತೆಲಿಗಿಯಿಂದ ಗುಡೇಕೋಟೆಯ ಕಡೆಯ ಈ ಗುಡ್ಡದ ಊರಿಗೆ ಸೊಸೆಯಾಗಿ ಬಂದಾಗ ಊರಿನಲ್ಲಿ ಇದ್ದದ್ದೆಲ್ಲ ಮಣ್ಣಿನ ನೆಲ. ಹುಲುಗಮ್ಮ ಸಗಣಿ ಸಾರಿಸಿದರೆ ಅಂಗಳ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಿತ್ತು, ಒಂದರ ಪಕ್ಕ ಒಂದು ಕಮಾನು, ಬೆರಳಿನ ಗೆರೆ ಒಂದೂ ತಪ್ಪದಂತೆ. ಮದುವೆ ಮನೆಯವರು ಎಲೆ ಅಡಿಕೆ ಇಟ್ಟು ಕರೆಯುತ್ತಿದ್ದರು. ಆಮೇಲೆ ಮನೆಗಳಿಗೆ ಸಿಮೆಂಟು ಬಂತು, ಅದರ ಬೆನ್ನಿಗೇ ಟೈಲ್ಸು. ಆಕೆಯ ಮನೆಯಲ್ಲೂ ಈಗ ಹೂವಿನ ಚಿತ್ರದ ಟೈಲ್ಸು. ಮಂಗಳವಾರ, ಶುಕ್ರವಾರ ಒದ್ದೆ ಬಟ್ಟೆ ಹಿಡಿದು ಒರೆಸುತ್ತಾಳೆ. ಒರೆಸಿ ಎದ್ದಾಗ ಅಂಗೈ ನೋಡಿಕೊಳ್ಳುತ್ತಾಳೆ. ಕೈಗೆ ಏನೂ ಹತ್ತಿರುವುದಿಲ್ಲ.

ಇಂಥ ಹುಲುಗಮ್ಮನ ಕೈಗೆ, ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಕರಣಿ ಬಂತು.

ಊರಾಚೆ ಬೂದಿದಿಬ್ಬ ಎಂಬ ಒಂದು ದಿಬ್ಬವಿದೆ. ಕೆದರಿದರೆ ಮಣ್ಣಿನ ಬದಲು ಬೂದಿ, ಬೂದಿಯ ಜೊತೆ ಬೋಕಿಚೂರು, ಒಡೆದ ಮಡಕೆಯ ತುಂಡುಗಳು. ಅಲ್ಲಿ ಒಂದು ಕಂಪನಿ ಸೌರ ವಿದ್ಯುತ್ತಿನ ಉಪಕೇಂದ್ರ ಕಟ್ಟಲು ಬಂತು. ಜಾಗ ಹಳೆಯದಿರುವ ಹಾಗಿದೆ, ಮೊದಲು ಹದಿನಾಲ್ಕು ದಿನ ಅಗೆದು ನೋಡಬೇಕು, ಕಟ್ಟುವ ಮಾತು ಆಮೇಲೆ ಎಂದು ಪುರಾತತ್ವ ಇಲಾಖೆಯಿಂದ ಕಾಗದ ಬಂತು. ಅಗೆಸಲು ಬಂದವಳು ಸುಮಲತಾ, ಕೊಟ್ಟೂರಿನ ಹುಡುಗಿ, ಮೂವತ್ತರ ಆಸುಪಾಸು. ಬಿಸಿಲಿಗೆ ದೊಡ್ಡ ಟೋಪಿ, ಜೇಬಿನ ತುಂಬ ಪೆನ್ಸಿಲು. ದಿಬ್ಬದ ಮೇಲೆ ದಾರ ಕಟ್ಟಿ ಎರಡು ಮೀಟರ್ ಉದ್ದ ಅಗಲದ ನಾಲ್ಕು ಗುಂಡಿ ಗುರುತು ಮಾಡಿದಳು. ಸೇಂಗಾ ಸುಗ್ಗಿ ಮುಗಿದು ಕೈ ಖಾಲಿ ಇದ್ದ ಹನ್ನೆರಡು ಮಂದಿ ಕೆಲಸಕ್ಕೆ ಹೋದರು. ಹುಲುಗಮ್ಮ ಎಂದಿನಂತೆ ಸಿಂಬೆ ಹಿಡಿದುಕೊಂಡೇ ಹೋದಳು.

ಮೇಲಿನ ಪದರಿನಲ್ಲಿ ಪಾಳೇಗಾರರ ಕಾಲದ ಬಳೆಚೂರು ಬಂತು, ಅದರ ಕೆಳಗೆ ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆಚೂರು. ಕಂಪನಿಯ ಎಂಜಿನಿಯರ್ ಕ್ರಾಂತಿಕುಮಾರ್ ದಿನಾ ಚಹಾದ ಹೊತ್ತಿಗೆ ಮೋಟಾರುಬೈಕಿನಲ್ಲಿ ಬಂದು, "ಇವತ್ತೇನೂ ಸಿಕ್ಕಿಲ್ಲ ಅಲ್ರಿ ಮೇಡಂ?" ಎಂದು ಆಸೆಯಿಂದ ಕೇಳುತ್ತಿದ್ದ. ಸಿಕ್ಕಿದ್ದನ್ನು ತೋರಿಸಿದರೆ ಚಹಾ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದ.

ನಾಲ್ಕನೆಯ ದಿನ ಮೂರನೆಯ ಗುಂಡಿಯ ಬಾಯಲ್ಲಿ ಪುಟ್ಟಿ ಹೊತ್ತು ನಿಂತ ಹುಲುಗಮ್ಮ ಕೆಳಗೆ ಕೆರೆಯುತ್ತಿದ್ದವನಿಗೆ, "ತಮ್ಮಾ, ಅಲ್ಲಿ ಜೋರು ಹಚ್ಚಬ್ಯಾಡ. ಬಣ್ಣ ಬ್ಯಾರೆ ಆಗೈತಿ ನೋಡು" ಎಂದಳು. ಸುಮಲತಾ ಬಂದು ನೋಡಿದಳು. ಬಣ್ಣ ಹೌದು, ಬೇರೆಯೇ ಆಗಿತ್ತು, ಇನ್ನೊಂದು ಪದರು ಶುರುವಾದ ಗುರುತು. ಸುಮಲತಾ ತನ್ನ ಸೊಂಟದ ಚೀಲದಿಂದ ಒಂದು ಸಣ್ಣ ಕರಣಿ ತೆಗೆದು ಆಕೆಯ ಕೈಗಿಟ್ಟಳು.

"ನಂಗೇನ್ರಿ?"

"ನಿಮಗಾ. ಇಳೀರಿ ಕೆಳಗ."

ಆವತ್ತು ಸಂಜೆ ಹುಲುಗಮ್ಮ ಮನೆಗೆ ಹೋದ ನಡಿಗೆ ಊರಿನವರ ಬಾಯಲ್ಲಿ ಇನ್ನೂ ಇದೆ. ಗಂಡ ಬೊಮ್ಮಯ್ಯ ಆಡು ಮೇಯಿಸುವವನು, ನಾಲಿಗೆಗೆ ಮೂಳೆಯಿಲ್ಲದ ಮನುಷ್ಯ. "ಲೇ ಹುಲಿಗಿ, ಇವತ್ತು ಗೌಂಡಿಗೆ ಅಡಿಗಿ ಮಾಡೋರು ಯಾರು?" ಎಂದು ಕೇಳಿದ.

"ಆಡು ಕಾಯೋನು ಮಾಡ್ಲಿ" ಎಂದಳು ಹುಲುಗಮ್ಮ.

ಅಗೆತ ಮುಗಿದ ಮೇಲೆ ಮುಂದಿನ ತಿಂಗಳು ಮೈಲಾರದ ಕಡೆ, ಹೊಳೆದಂಡೆಯಲ್ಲಿ ಇನ್ನೊಂದು ಅಗೆತ ಇತ್ತು. ಪುಟ್ಟಿ ಹೊರುವವರು ಅಲ್ಲಿಯೂ ಸಿಗುತ್ತಾರೆ, ಕರಣಿ ಹಿಡಿದವರನ್ನು ಮಾತ್ರ ಕರೆದುಕೊಂಡು ಹೋಗುತ್ತೇನೆ ಎಂದು ಸುಮಲತಾ ಹೇಳಿದ್ದಳು. ಹುಲುಗಮ್ಮ ಮಾರನೆಯ ದಿನದಿಂದ ಸಿಂಬೆಯನ್ನು ಮನೆಯಲ್ಲಿಯೇ ಬಿಟ್ಟು ಬರತೊಡಗಿದಳು.

ಹನ್ನೊಂದನೆಯ ದಿನ, ಸೋಮವಾರ, ಮೂರನೆಯ ಗುಂಡಿಯಲ್ಲಿ ಎದೆಯುದ್ದ ಆಳಕ್ಕೆ ಒಂದು ನೆಲ ಬಂತು. ಗಟ್ಟಿ, ಸಮತಟ್ಟು, ಬೂದುಬಣ್ಣ. ಮೂಲೆಯಲ್ಲಿ ಕರಿಹತ್ತಿದ ಮೂರು ಕಲ್ಲಿನ ಒಲೆ, ಅದರ ಹತ್ತಿರ ಒಡೆದ ಬೀಸುಕಲ್ಲು. ಮೂರು ಸಾವಿರ ವರ್ಷ ಆಗಿರಬಹುದು ಎಂದಳು ಸುಮಲತಾ. ಹುಲುಗಮ್ಮನಿಗೆ ಆ ಲೆಕ್ಕ ಹಿಡಿಸಲಿಲ್ಲ. ಒಲೆ ಹಿಡಿಸಿತು. ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ಇಟ್ಟಿದ್ದರು, ತನ್ನ ಅತ್ತೆ ಇಡುತ್ತಿದ್ದ ಹಾಗೆ.

"ನಾಳೆ ಇಲಾಖೆಯಿಂದ ಗುರುಬಸವರಾಜ ಸಾಹೇಬ್ರು ಬರ್ತಾರ" ಎಂದು ಸುಮಲತಾ ಎಲ್ಲರನ್ನೂ ನಿಲ್ಲಿಸಿ ಹೇಳಿದಳು. "ಈ ನೆಲದ ಮಣ್ಣು ತಗೊಂಡು ಪರೀಕ್ಷೆಗೆ ಕಳಸ್ತಾರ. ಅದರ ಮ್ಯಾಲೆ ಈ ಜಾಗದ್ದು ತೀರ್ಮಾನ. ಗುಂಡಿ ಚೊಕ್ಕ ಇರ್ಬೇಕು. ಒಂದು ಹನಿ ನೀರು ಬೀಳಬಾರ್ದು."

ಹುಲುಗಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ. ಅದು ಮನೆ. ಒಲೆ ಇದೆ, ಬೀಸುಕಲ್ಲಿದೆ. ನಾಳೆ ಮಂಗಳವಾರ. ದೊಡ್ಡವರು ಬರುತ್ತಾರೆ. ಮಂಗಳವಾರದ ದಿನ, ಬರುವವರು ಇರುವಾಗ, ಒಲೆಯ ಮುಂದಿನ ನೆಲವನ್ನು ಬರಿದಾಗಿ ಬಿಡುವುದೆಂದರೆ ಏನು? ಸಾವಿನ ಮನೆಯಲ್ಲೂ ಮೂರನೆಯ ದಿನಕ್ಕೆ ಸಾರಿಸುತ್ತಾರೆ. ಈ ಮನೆಯಾಕೆ ಹೋಗಿ ಎಷ್ಟು ಕಾಲವಾಯಿತೋ. ಅಂದಿನಿಂದ ಒಬ್ಬರೂ ಸಾರಿಸಿಲ್ಲ.

ನಸುಕಿನಲ್ಲಿ ಎದ್ದು ಕೆಂಚಕ್ಕನ ಹಟ್ಟಿಯ ಮುಂದೆ ನಿಂತಳು. ಕೆಂಚಕ್ಕ ಜೊತೆಯ ಕೂಲಿಯಾಕೆ, ಓರಗೆಯವಳು, ಒಂದು ಆಕಳ ಒಡತಿ.

"ಒಂದು ಬಕೀಟು ಸಗಣಿ ಕೊಡಬೇ."

"ಟೈಲ್ಸಿಗೆ ಬಳೀತೀಯೇನು?"

"ಕೊಡಂದ್ರ ಕೊಡು."

ಎದುರು ಸಿಕ್ಕ ಬೊಮ್ಮಯ್ಯ, "ಇಷ್ಟೊತ್ತಿಗೆ ದಿಬ್ಬಕ್ಕ ಹೋಗಬ್ಯಾಡ, ಬಾರಿಹಣ್ಣಿಗೆ ಕರಡಿ ಬಂದಿರ್ತೈತಿ" ಎಂದ. ಆಕೆ ಆಗಲೇ ಬೇಲಿ ದಾಟಿದ್ದಳು.

ಬೆಳಕು ಹರಿಯುವ ಹೊತ್ತಿಗೆ ಕೆಲಸ ಮುಗಿದಿತ್ತು. ನೀರು ಹಾಕಬಾರದು ಎಂಬ ಮಾತನ್ನು ಆಕೆ ಮರೆತಿರಲಿಲ್ಲ. ಮೊದಲು ನೀರು ಚಿಮುಕಿಸಿ ನೆಲವನ್ನು ನೆನೆಸುವ ಪದ್ಧತಿ ಬಿಟ್ಟು, ಗಟ್ಟಿ ಸಗಣಿಯನ್ನು ಹಾಗೆಯೇ ಒಣನೆಲದ ಮೇಲೆ ತೆಳುವಾಗಿ ಎಳೆದಳು. ಒಲೆಯಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತ, ಕಮಾನಿನ ಪಕ್ಕ ಕಮಾನು. ಎಷ್ಟು ವರ್ಷಗಳಾಗಿದ್ದವು! ಕೈ ಏನನ್ನೂ ಮರೆತಿರಲಿಲ್ಲ. ಒಲೆಯ ಮುಂದೆ ಐದೆಳೆಯ ರಂಗೋಲಿ ಹಾಕಿ, ಮೇಲೆ ಹತ್ತಿ ಕೂತು, ಮೆಚ್ಚುಗೆಗಾಗಿ ಕಾದಳು.

ಎಂಟು ಗಂಟೆಗೆ ಸುಮಲತಾ ಬಂದು ಗುಂಡಿಯೊಳಗೆ ಇಣುಕಿದಳು. ಟೋಪಿ ತೆಗೆದಳು. ಮತ್ತೆ ಇಣುಕಿದಳು.

"ಇದೇನಿದು?"

"ಸಾರಿಸೀನ್ರಿ" ಎಂದಳು ಹುಲುಗಮ್ಮ, ಮುಖದ ತುಂಬ ನಗು. "ನೀರು ಒಂದು ಹನಿ ಹಾಕಿಲ್ರಿ ಮತ್ತ. ಬರೇ ಸಗಣಿ."

ಸುಮಲತಾ ಮಣ್ಣಿನ ಗುಪ್ಪೆಯ ಮೇಲೆ ಕುಸಿದು ಕೂತಳು. ಆಕೆಗೆ ಸಿಟ್ಟು ಬರುವ ಮೊದಲು ಅಳು ಬಂತು, ಅಳುವನ್ನು ನುಂಗಿದ ಮೇಲೆ ಸಿಟ್ಟು ಬಂತು.

"ಯಮ್ಮಾ, ಆ ನೆಲದಾಗ ಹಳೇ ಸಗಣಿ ಐತೋ ಇಲ್ಲೋ ಅಂತ ನೋಡಾಕ ಸಾಹೇಬ್ರು ಬರಾಕತ್ತಾರ. ಆಗಿನ ಮಂದಿ ದನ ಸಾಕಿದ್ರೋ, ನೆಲ ಸಾರಿಸ್ತಿದ್ರೋ ಅಂತ. ನೀವು ಅದರ ಮ್ಯಾಲೆ ಕೆಂಚಕ್ಕನ ಆಕಳದ್ದು ಬಳದು ಕುಂತೀರಿ! ಇನ್ನ ಏನು ಕಳಸ್ಲಿ ನಾನು ಪರೀಕ್ಷೆಗೆ? ಕೆಂಚಕ್ಕನ ಆಕಳನ್ನ ಕಳಸ್ಲೇನು?"

ಹುಲುಗಮ್ಮನ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಸುಮಲತಾ ಕೈ ಚಾಚಿದಳು. ಹುಲುಗಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಕರಣಿ ತೆಗೆದು ಕೊಟ್ಟಳು. ಯಾರೂ ಹೇಳಲಿಲ್ಲ, ತಾನೇ ಹೋಗಿ ಖಾಲಿ ಪುಟ್ಟಿಯೊಂದನ್ನು ಎತ್ತಿಕೊಂಡಳು. ಸಿಂಬೆ ಮನೆಯಲ್ಲಿತ್ತು. ಸೆರಗನ್ನೇ ಸುತ್ತಿ ತಲೆಗಿಟ್ಟಳು.

ಕೆಂಚಕ್ಕ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ನನ್ನ ಹೆಸರ್ಯಾಕ ಹೇಳೀದಿ?"

"ನಾ ಎಲ್ಲಿ ಹೇಳೀನಿ? ಸಗಣಿ ಯಾರದು ಅಂತ ಊರಿಗೆಲ್ಲ ಗೊತ್ತೈತಿ. ಊರಾಗ ಇರೋದು ಒಂದಾ ಆಕಳ."

ಸಾಹೇಬರು ಹತ್ತೂವರೆಗೆ ಬಂದರು. ಸಣ್ಣ ಆಳು, ಬಿಳಿಯ ಅಂಗಿ, ಕುತ್ತಿಗೆಗೆ ದಾರದಲ್ಲಿ ನೇತುಹಾಕಿದ ಭೂತಗನ್ನಡಿ. ಗುಂಡಿ ನೋಡಿದರು, ರಂಗೋಲಿ ನೋಡಿದರು. ಭೂತಗನ್ನಡಿಯನ್ನು ಅಂಗಿಯೊಳಗೆ ಸೇರಿಸಿಬಿಟ್ಟರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ತಪ್ಪು ನಂದು ಸರ್" ಎಂದಳು ಸುಮಲತಾ. "ನಾನು ಸರಿಯಾಗಿ ತಿಳಿಸಿ ಹೇಳಬೇಕಿತ್ತು."

"ಅವರದಲ್ರಿ, ನಂದು" ಎಂದಿತು ಪುಟ್ಟಿಯ ಕೆಳಗಿನಿಂದ ಒಂದು ದನಿ. ಯಾರೂ ಅತ್ತ ತಿರುಗಲಿಲ್ಲ.

"ಉಳಿದಿರೋದು ಮೂರು ದಿನ" ಎಂದರು ಸಾಹೇಬರು. "ನೀರು ಸಿಂಪಡಿಸಿ, ಬ್ರಷ್ ಹಿಡಿದು ತೊಳೆದು ತೆಗೀರಿ. ಸಿಕ್ಕಷ್ಟು ಸಿಗಲಿ."

ಒಬ್ಬ ನೀರಿನ ಕ್ಯಾನು ತಂದ. ಇನ್ನೇನು ಬಗ್ಗಿಸಬೇಕು, ದಡಾರನೆ ಪುಟ್ಟಿ ಕೆಳಗೆ ಬಿದ್ದ ಸದ್ದಾಯಿತು. ಹುಲುಗಮ್ಮ ಓಡಿಬಂದು ಗುಂಡಿಯ ಬಾಯಿಗೆ ಅಡ್ಡ ನಿಂತಿದ್ದಳು.

"ನೀರು ಹಾಕಬ್ಯಾಡ್ರಿ! ಹಾಕಿದ್ರ ಸಗಣಿ ಕೆಳಗ ಇಳದು ಆ ನೆಲದ ಕೂಡ ಒಂದಾಗಿಬಿಡ್ತೈತಿ. ಆಮ್ಯಾಲೆ ಯಾರು ಬಂದ್ರೂ ಬಿಡಿಸಾಕಾಗಂಗಿಲ್ಲ."

ಸಾಹೇಬರು ಮೊದಲ ಬಾರಿಗೆ ಆಕೆಯನ್ನು ನೋಡಿದರು. "ಮತ್ತೆ ಏನು ಮಾಡೋಣ?"

"ಏನೂ ಮಾಡಬ್ಯಾಡ್ರಿ. ಬಿಸಿಲಿಗೆ ಬಿಡ್ರಿ. ಉಂಡು ಬರ್ರಿ."

ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲದ ಈ ಉಪಾಯಕ್ಕೆ ಸಾಹೇಬರು ಸುಮಲತಾಳ ಮುಖ ನೋಡಿದರು. ಸುಮಲತಾ ಕ್ಯಾನಿನ ಮುಚ್ಚಳ ಹಾಕಿದಳು.

ಹುಲುಗಮ್ಮ ಉಣ್ಣಲು ಹೋಗಲಿಲ್ಲ. ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನೆಲವನ್ನೇ ನೋಡುತ್ತಿದ್ದಳು. ಹೊಸ ಸೊಸೆಯಾಗಿದ್ದಾಗ ಒಮ್ಮೆ ಅವಸರಕ್ಕೆ ನೆಲ ನೆನೆಸದೆ ಸಾರಿಸಿದ್ದಳು. ಮಧ್ಯಾಹ್ನಕ್ಕೆ ಸಾರಿಸಿದ್ದೆಲ್ಲ ಹಪ್ಪಳದಂತೆ ಎದ್ದು ನಿಂತಿತ್ತು. ಅತ್ತೆ ಓಣಿಗೆಲ್ಲ ಕೇಳುವಂತೆ, "ಬರ್ರಬೇ, ನಮ್ಮ ಸೊಸಿ ಹಪ್ಪಳ ಹಾಕ್ಯಾಳ, ಕರಕೊಂಡು ತಿನ್ನೂನು" ಎಂದು ಕೂಗಿದ್ದಳು. ವಾರಗಟ್ಟಲೆ ಓಣಿಯ ಹೆಂಗಸರು ಹಪ್ಪಳ ಕೇಳಿದ್ದರು. ಆವತ್ತು ನೆಲ ನುಂಗಲಿ ಎಂದು ಬೇಡಿಕೊಂಡಿದ್ದ ಅದೇ ಹಪ್ಪಳ ಇವತ್ತು ಏಳಲಿ ಎಂದು ಈಗ ಬೇಡಿಕೊಂಡಳು.

ಬಿಸಿಲು ನೆತ್ತಿಗೆ ಬಂತು. ಮೂಲೆಯಲ್ಲಿ ಚಟ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಇನ್ನೊಂದು. ರಂಗೋಲಿಯ ಒಂದು ಎಳೆ ಬಾಗಿ ಮೇಲೆದ್ದಿತು.

"ಎದ್ದಾವ್ರೀ!" ಎಂದು ಕೂಗಿದಳು.

ಸುಮಲತಾ ಕೈತೊಳೆಯದೆ ಓಡಿಬಂದಳು. ಸುಮಲತಾ ಕರಣಿ ಚಾಚಿದಳು. "ನೀವೇ ಹಾಕೀರಿ, ನೀವೇ ತಗೀರಿ."

ಹುಲುಗಮ್ಮ ಇಳಿದಳು. ಕರಣಿಯ ತುದಿಯನ್ನು ಹಪ್ಪಳದ ಅಡಿಗೆ ತೂರಿಸಿ, ಮೆಲ್ಲಗೆ ಉಸಿರು ಊದಿ, ಅಂಗೈಯಗಲದ ಚೂರುಗಳನ್ನು ಒಂದೊಂದಾಗಿ ಎತ್ತಿ ಪುಟ್ಟಿಗೆ ಹಾಕಿದಳು. ಕೆಳಗೆ ಹಳೆಯ ನೆಲ, ಕಲೆಯಿಲ್ಲದೆ, ತಣ್ಣಗೆ, ನಿನ್ನೆ ಇದ್ದಂತೆಯೇ. ಅರ್ಧ ಗುಂಡಿ ಮುಗಿಯಿತು. ಒಲೆಯ ಹತ್ತಿರ ಬಂದಾಗ ಒಂದು ಚೂರು ಎದ್ದು ಬಂತು. ಅದರ ಹಿಂದೆಯೇ ಇನ್ನೊಂದು ಎದ್ದು ಬಂತು. ಎರಡನೆಯದು ಹಸಿರಲ್ಲ, ಬೂದು.

"ಅಯ್ಯೋ, ನೆಲಾನಾ ಎಬ್ಬಿಸಿದ್ರಿ!" ಎಂದಳು ಸುಮಲತಾ.

ಹುಲುಗಮ್ಮ ಮೂಗು ತಾಗುವಷ್ಟು ಬಗ್ಗಿ, ಮುರಿದ ಅಂಚನ್ನು ನೋಡುತ್ತಿದ್ದಳು. ರೊಟ್ಟಿಯಷ್ಟು ತೆಳುವಾದ ಒಂದು ಪದರು. ಅದರ ಕೆಳಗೆ ಕೂದಲೆಳೆಯಷ್ಟು ಕೆಂಪು. ಮತ್ತೆ ಒಂದು ಪದರು. ಮತ್ತೆ ಕೆಂಪು.

"ಇದು ಒಂದು ನೆಲ ಅಲ್ರಿ" ಎಂದಳು. "ಸಾರಿಸೀ ಸಾರಿಸೀ ಆಗಿದ್ದು. ಸಾರಿಸ್ಯಾರ, ಕೆಮ್ಮಣ್ಣು ಬಳದಾರ, ಮತ್ತ ಸಾರಿಸ್ಯಾರ."

ಸಾಹೇಬರು ಬಿಳಿ ಅಂಗಿಯ ಯೋಚನೆ ಬಿಟ್ಟು ಗುಂಡಿಗೆ ಇಳಿದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲ ಪದರೂ ಒಂದೇ ದಪ್ಪ ಇಲ್ಲವಲ್ಲ?"

"ದಿನದ್ದು ತೆಳ್ಳಗ ಇರ್ತೈತ್ರಿ. ದಪ್ಪಂದು ಹಬ್ಬದ್ದು. ಇಲ್ಲಾ, ಮನ್ಯಾಗ ಯಾರರ ಹಡದಿರಬೇಕು."

"ಅದನ್ನ ನಾವು ಹಾಗೆ ಹೇಳೋಕೆ ಬರಲ್ಲಮ್ಮ. ಆಧಾರ ಬೇಕು."

"ನೀವು ಹೇಳಬ್ಯಾಡ್ರಿ. ನಾ ಹೇಳ್ತೀನಿ."

ಮೇಲೆ ನಿಂತವರೆಲ್ಲ ನಕ್ಕರು. ಸಾಹೇಬರೂ ಭೂತಗನ್ನಡಿಯ ಹಿಂದೆ ನಕ್ಕರು.

ಹುಲುಗಮ್ಮ ನಗಲಿಲ್ಲ. ಪದರು ಎದ್ದುಹೋದ ಜಾಗದಲ್ಲಿ, ಕೆಳಗಿನ ಪದರಿನ ಮೈಮೇಲೆ, ನಾಲ್ಕು ಸಣ್ಣ ಗೀರುಗಳು ಕಾಣುತ್ತಿದ್ದವು. ಬಾಗಿದ, ಒಂದರ ಪಕ್ಕ ಒಂದಾಗಿ ಸಾಗಿದ ಗೀರುಗಳು. ಆಕೆ ಅದರ ಮೇಲೆ, ತಾಗಿಸದೆ, ತನ್ನ ಬಲಗೈಯನ್ನು ಆಡಿಸಿದಳು. ಹೊಂದಲಿಲ್ಲ. ಕಮಾನು ತಿರುವುಮುರುವಾಗಿತ್ತು. ಎಡಗೈಯನ್ನು ಆಡಿಸಿದಳು. ಬೆರಳು ಬೆರಳಿಗೆ ಕೂತಿತು.

"ಎಡಚಿ" ಎಂದಳು ಮೆಲ್ಲಗೆ. "ಈಕಿ ಎಡಚಿ ಇದ್ದಳು."

ಈ ಸಲ ಯಾರೂ ಆಧಾರ ಕೇಳಲಿಲ್ಲ. ಎಲ್ಲರ ಕಣ್ಣಿಗೂ ಕಟ್ಟಿದಂತೆ, ಒಲೆಯ ಮುಂದೆ ಮಂಡಿಯೂರಿ ಕೂತ ಆ ಕಾಲದ ಒಬ್ಬಾಕೆ, ಮೊಣಕೈವರೆಗೆ ಹಸಿರು, ಹಣೆಗೆ ಬಿದ್ದ ಕೂದಲನ್ನು ಬಲಗೈಯ ಹಿಂಬದಿಯಿಂದ ಸರಿಸುತ್ತ, ಎಡಗೈಯಿಂದ ಎಳೆಯುತ್ತ, ಹಿಂದೆ ಹಿಂದೆ ಸರಿಯುತ್ತ ಗುಂಡಿಯ ಗೋಡೆಯೊಳಗೆ ಹೋಗಿಬಿಟ್ಟಳು.

ಸಾಹೇಬರು ಎದ್ದು ಮಂಡಿಯ ಧೂಳು ಝಾಡಿಸಿದರು. "ಒಳಗಿನ ಪದರಿನಿಂದ ಮಾದರಿ ತಗೊಳ್ಳೋಣ. ಮೇಲಿನದಕ್ಕಿಂತ ಅದೇ ಶುದ್ಧ. ಒಂದೊಂದು ಪದರೂ ಬೇರೆ ಬೇರೆ ಚೀಲಕ್ಕೆ ಹೋಗಬೇಕು, ಎಷ್ಟಿವೆ ಅಂತ ಎಣಿಕೆ ಆಗಬೇಕು." ಆಮೇಲೆ ಸುಮಲತಾಳ ಕಡೆ ತಿರುಗಿದರು. "ಬೆಳಿಗ್ಗೆ ಆದದ್ದನ್ನೂ ದಿನಚರಿಯಲ್ಲಿ ಬರೀಬೇಕು. ಹೊಸ ಸಗಣಿ ಬಳಿದದ್ದು, ಯಾರು, ಯಾವಾಗ. ಮುಚ್ಚೋಹಾಗಿಲ್ಲ. ಗುಂಡಿ ಕೆಡಿಸಿದವರನ್ನ ಮತ್ತೆ ಇಳಿಸಬಾರದು ಅಂತ ನಿಯಮ ಇದೆ, ನಿಮಗೂ ಗೊತ್ತು. ಅಗೆತದ ಮುಖ್ಯಸ್ಥೆ ನೀವು. ನಿರ್ಧಾರ ನಿಮ್ಮದು."

ಹುಲುಗಮ್ಮ ಕರಣಿಯನ್ನು ಕೆಳಗಿಟ್ಟು, ಹತ್ತಲು ಗುಂಡಿಯ ಅಂಚಿಗೆ ಕೈ ಹಾಕಿದಳು.

"ಎಲ್ಲಿಗೆ ಹೊಂಟ್ರಿ?" ಎಂದಳು ಸುಮಲತಾ. ಪುಸ್ತಕ ತೆರೆದು, ಪೆನ್ಸಿಲು ಕಚ್ಚಿ, ಬರೆಯುತ್ತಲೇ ಹೇಳಿದಳು. "ಮಂಗಳವಾರ ಬೆಳಿಗ್ಗೆ ಹುಲುಗಮ್ಮ ಎನ್ನುವವರು ನೆಲಕ್ಕೆ ಸಗಣಿ ಸಾರಿಸಿದರು. ಬರ್ದೆ. ಮಂಗಳವಾರ ಮಧ್ಯಾಹ್ನ ಹುಲುಗಮ್ಮ ಎನ್ನುವವರು ಅದನ್ನು ತೆಗೆದು ಒಳಗಿನ ಪದರುಗಳನ್ನು ಗುರುತಿಸಿದರು. ಬರ್ದೆ. ಈ ಪದರು ಬಿಡಿಸೋ ಕೈಯಿ ನನ್ನ ಹತ್ರ ಬ್ಯಾರೆ ಇಲ್ಲ ಸರ್. ಅದನ್ನೂ ಬರೀತೀನಿ. ಹುಲುಗಮ್ಮಾ, ಇನ್ನ ಮುಂದ ಏನು ಮಾಡೋದಿದ್ರೂ ನನ್ನ ಕೇಳಿ ಮಾಡ್ರಿ. ಇಲ್ಲೂ ಅಷ್ಟೇ, ಮೈಲಾರದಾಗೂ ಅಷ್ಟೇ."

ಹುಲುಗಮ್ಮ ಅಂಚಿನಿಂದ ಕೈ ತೆಗೆದಳು. ಸೆರಗನ್ನು ಸೊಂಟಕ್ಕೆ ಬಿಗಿದು ಒಲೆಯ ಮುಂದೆ ಕೂತಳು. ದಿಬ್ಬದ ಕೆಳಗೆ ಕ್ರಾಂತಿಕುಮಾರ್ ಯಾರೂ ಹೇಳದೆಯೇ ಟೇಪು ಹಿಡಿದು ತನ್ನ ಉಪಕೇಂದ್ರಕ್ಕೆ ಆಚೆಯ ಬೀಳುಭೂಮಿ ಅಳೆಯಲು ಹೊರಟಿದ್ದ.

"ಹಂಗಾದ್ರ ಪುಟ್ಟಿಗೆ ಒಂದಾಳು ಕಮ್ಮಿ ಆತಲ್ರಿ" ಎಂದಳು ಕೆಂಚಕ್ಕ. ಅವಳ ಕಣ್ಣು ದಿಬ್ಬವನ್ನೆಲ್ಲ ಸುತ್ತಿ, ಆಡು ಬಿಟ್ಟು ಕೋಲಿಗೆ ಗದ್ದ ಊರಿ ತಮಾಷೆ ನೋಡುತ್ತಿದ್ದ ಬೊಮ್ಮಯ್ಯನ ಮೇಲೆ ಬಂದು ನಿಂತಿತು. "ಅಕಾ ಅಲ್ಲಿ ನಿಂತಾರ ನೋಡ್ರಿ ಒಬ್ರು, ಬೆಳಿಗ್ಗಿಂದ ಒಂದು ಕಡ್ಡಿ ಎತ್ತಿಲ್ಲ."

"ನಾನೇನು? ನನ್ನ ಆಡು..."

"ಆಡು ಎಲ್ಲೂ ಹೋಗಂಗಿಲ್ಲ. ಬರ್ರಿ ಮಾವಾ."

ಬೊಮ್ಮಯ್ಯ ಹೆಗಲ ಟವೆಲನ್ನು ಸಿಂಬೆ ಸುತ್ತಲು ಹೋದ, ಬಿಚ್ಚಿಹೋಯಿತು. ಮತ್ತೆ ಸುತ್ತಿದ. ಕೆಂಚಕ್ಕ ಕಿತ್ತುಕೊಂಡು ಒಂದೇ ತಿರುವಿಗೆ ಸುತ್ತಿ ಅವನ ತಲೆಗಿಟ್ಟಳು, ಅದರ ಮೇಲೆ ಪಕ್ಕದ ಗುಂಡಿಯ ಮಣ್ಣು ತುಂಬಿದ ಪುಟ್ಟಿ. ಅವನ ಕುತ್ತಿಗೆ ಆಮೆಯದಂತೆ ಹೆಗಲೊಳಗೆ ಇಳಿಯಿತು.

"ಲೇ ಹುಲಿಗಿ, ಇಷ್ಟು ಭಾರ ಇರ್ತೈತೇನ ಇದು?"

ಹುಲುಗಮ್ಮ ತಲೆ ಎತ್ತಲಿಲ್ಲ. ಕರಣಿಯ ತುದಿ ಮತ್ತೊಂದು ಪದರಿನ ಅಡಿಗೆ ಹೋಗಿತ್ತು. "ಏಳು" ಎಂದಳು. ಮೇಲೆ ಸುಮಲತಾ ಏಳು ಎಂದು ಬರೆದಳು.

ಬೊಮ್ಮಯ್ಯ ಸುರಿದು ಬಂದ. ಮತ್ತೆ ತುಂಬಿದರು. ಮತ್ತೆ ಸುರಿದು ಬಂದ. ಬಿಸಿಲು ಗುಡ್ಡದ ಬಂಡೆಗಳ ಹಿಂದೆ ಜಾರುವ ಹೊತ್ತಿಗೆ ಎಣಿಕೆ ಹದಿನೆಂಟಕ್ಕೆ ಬಂದಿತ್ತು. ಹುಲುಗಮ್ಮನ ಗುಂಡಿಯ ಬಾಯಲ್ಲಿ ಎರಡೂ ಕೈಯಿಂದ ಪುಟ್ಟಿ ಹಿಡಿದು ನಿಂತು ಅವನು ಏದುಸಿರಿನಲ್ಲಿ ಕೇಳಿದ.

"ಇನ್ನ ಎಷ್ಟದಾವಬೇ?"

"ಆ ಎಡಚಿ ಎಷ್ಟು ಸಾರಿಸ್ಯಾಳೋ ಅಷ್ಟು" ಎಂದಳು ಹುಲುಗಮ್ಮ.